ಬುಲೆಟ್ಟಿನ ಪಿನಿಯನ್ ಎಳೆಯಲು ಮಾಡಿಕೊಂಡ ಕೊಕ್ಕೆ

ಬುಲೆಟ್ ಬೈಕಿನ ಇಂಜಿನ್ನಿನ ಬಲಬದಿಯ ಮುಚ್ಚಳ, ಟೈಮಿಂಗ್ ಕವರ್, ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಚಾಣದ ಏಟುಗಳು. ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಕ್ರ್ಯಾಂಕ್ ಶಾಫ್ಟಿನ ಬಲತುದಿಯಲ್ಲಿ ಕೂರುವ ವರ್ಮ್ ನಟ್ಟಿನ ಆರು ಮೂಲೆಗಳಲ್ಲಿ ಮೂರು ಹಾರಿಹೋಗಿದ್ದವು. ಉಳಿದ ಮೂರರ ಮೇಲೂ ಕಚ್ಚುಗಳು. ಯಾರೋ ಅದನ್ನು ಬಿಚ್ಚಲು ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದಿದ್ದರು. ಅದೂ ತಪ್ಪು ದಿಕ್ಕಿಗೆ ಹೊಡೆದಿದ್ದರು ಎಂಬುದು ಕಚ್ಚುಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಹಳೆಯ ಬುಲೆಟ್ಟಿನ ಈ ನಟ್ಟು ಎಡ ತಿರುಪಿನದು, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ತಿರುಗಿಸಿದರೇ ಸಡಿಲಾಗುತ್ತದೆ. ಅದು ಗೊತ್ತಿಲ್ಲದವರು ಬಿಚ್ಚುತ್ತಿದ್ದೇವೆ ಎಂದುಕೊಂಡು ಇನ್ನಷ್ಟು ಬಿಗಿ ಮಾಡಿದ್ದರು.

ಈ ಬೈಕು ನಮ್ಮ ಮಾವನದು. ಎರಕದ ಕಬ್ಬಿಣದ ಸಿಲಿಂಡರ್ ಇರುವ ಇಂಜಿನ್ನಿನ 350. ಅವನು ಅದರಲ್ಲಿ ಶಿರಸಿ ಪೇಟೆ, ದೇವಿಮನೆ ಘಟ್ಟ, ಕುಮಟಾ ಎಂದು ಇಪ್ಪತ್ತು ವರ್ಷ ಓಡಾಡಿದ. ಮೊಣಕಾಲು ಕೈಕೊಟ್ಟ ಮೇಲೆ ಬೈಕು ನನ್ನ ಕೈಗೆ ಬಂತು. ಎರಡು ವರ್ಷದ ಹಿಂದಿನ ಜೂನ್‌ನಲ್ಲಿ ಇಂಜಿನ್ನಿನ ಕೆಳಗಿನಿಂದ ಕುಟ್ಟುವ ಸದ್ದು ಶುರುವಾಯಿತು. ಎಕ್ಸಲೇಟರ್ ಕೊಟ್ಟಾಗ ದಪ್ಪ ದನಿಯಲ್ಲಿ ‘ಡುಕ್ ಡುಕ್’. ಪಿಸ್ಟನ್ ದಂಡ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್, ಬಿಗ್ ಎಂಡ್, ಹೋಗಿದೆ ಎಂದು ತಿಳಿದವರೆಲ್ಲ ಹೇಳಿದರು. ಅಂದರೆ ಇಂಜಿನ್ ಇಳಿಸಿ, ಎರಡು ಹೋಳು ಮಾಡಿ, ಕ್ರ್ಯಾಂಕ್ ಹೊರಗೆ ತೆಗೆಯಬೇಕು. ಮೊದಲು ನಾನು ಗಾಡಿಯನ್ನು ಒಂದು ಗ್ಯಾರೇಜಿಗೇ ಕೊಟ್ಟಿದ್ದೆ. ಹದಿನೈದು ದಿನ ಬಿಟ್ಟು ಕೇಳಿದರೆ ‘ಆಗ್ಲಿಲ್ಲ ಹೆಗಡೇರೆ, ಜಾಮಾಗಿದೆ’ ಎಂದು ಕವರ್ ಮುಚ್ಚಿ ವಾಪಸ್ ಕೊಟ್ಟರು. ಜಾಮಾದದ್ದು ಹೇಗೆ ಎಂದು ಮನೆಯ ಕೊಟ್ಟಿಗೆಯ ಪಕ್ಕದ ಜಗುಲಿಯಲ್ಲಿ ಆ ಕವರ್ ಬಿಚ್ಚಿದ ದಿನ ಗೊತ್ತಾಯಿತು. ಆ ಸಂಜೆ ನನಗಾದ ಸಂಕಟ ಈಗಲೂ ನೆನಪಿದೆ. ಮಾತಾಡಲು ಬಾರದ ದನಕ್ಕೆ ಯಾರೋ ಹೊಡೆದ ಗಾಯ ನೋಡಿದ ಹಾಗೆ.

ಇನ್ನು ಈ ಇಂಜಿನ್ನಿಗೆ ಬೇಕಾದ ಹತ್ಯಾರುಗಳನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಅವತ್ತೇ ಹೊರಟೆ. ಕಂಪನಿಯ ಹತ್ಯಾರುಗಳು ಇವೆ, ಇಲ್ಲವೆಂದಲ್ಲ. ಆದರೆ ಹಳೆಯ ಎರಕದ ಇಂಜಿನ್ನಿನವು ನನಗೆ ಸುಲಭದಲ್ಲಿ ಸಿಗಲಿಲ್ಲ. ನಮ್ಮ ಊರಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಹಿಡಿದು ಕೊನೆ ಇಳಿಸುವ ಹಗ್ಗದ ಕೊಕ್ಕೆಯವರೆಗೆ ಎಲ್ಲವನ್ನೂ ಕೆಲಸಕ್ಕೆ ತಕ್ಕಂತೆ ನಾವೇ ಮಾಡಿಸಿಕೊಳ್ಳುತ್ತೇವೆ. ಬೈಕಿಗೆ ಮಾತ್ರ ಯಾಕೆ ಬೇರೆ ಲೆಕ್ಕ?

ಮೊದಲ ಕೆಲಸ ಆ ಗಾಯಗೊಂಡ ನಟ್ಟು. ಬುಲೆಟ್ಟಿನಲ್ಲಿ ಅದು ಬರಿಯ ನಟ್ಟಲ್ಲ. ಅದರ ಮೈಮೇಲೆ ಸುರುಳಿ ಹಲ್ಲು ಇದೆ, ಆ ಹಲ್ಲು ಎಣ್ಣೆ ಪಂಪಿನ ಸ್ಪಿಂಡಲ್ಲನ್ನು ತಿರುಗಿಸುತ್ತದೆ. ಒಂದೇ ಸ್ಪಿಂಡಲ್, ಎರಡು ತುದಿಗೆ ಎರಡು ಪಂಪು: ಒಂದು ಎಣ್ಣೆ ಕಳಿಸುತ್ತದೆ, ಇನ್ನೊಂದು ವಾಪಸ್ ಎಳೆಯುತ್ತದೆ. ಸ್ಪಿಂಡಲ್ ಹೊರಗೆ ತೆಗೆಯದೆ ನಟ್ಟು ತಿರುಗಿಸಿದರೆ ಹಲ್ಲಿಗೆ ಹಲ್ಲು ಕಚ್ಚುತ್ತದೆ. ಗ್ಯಾರೇಜಿನಲ್ಲಿ ಅದನ್ನಾದರೂ ತೆಗೆದಿದ್ದರು, ಪುಣ್ಯ.

ಮೂರು ಮೂಲೆ ಹೋದ ನಟ್ಟಿಗೆ ಬಾಕ್ಸ್ ಪಾನಾ ಹಾಕಿದರೆ ಜಾರುತ್ತದೆ. ಹಾಗಾಗಿ ಕಚ್ಚುಗಳನ್ನು ಸಣ್ಣ ಅರದಿಂದ ತಿಕ್ಕಿ, ಎದುರುಬದುರಿನ ಎರಡು ಮುಖಗಳನ್ನು ಸಮ ಮಾಡಿದೆ. ಆ ಅಗಲಕ್ಕೆ ಸರಿಯಾಗಿ ಕೂರುವ ಪಾನಾವನ್ನು ದಪ್ಪ ಪಟ್ಟಿಯಲ್ಲಿ ಕತ್ತರಿಸಿದೆ. ಕತ್ತರಿಸುವುದು ಒಂದು ತಾಸಿನ ಕೆಲಸ, ಅರ ಹಾಕಿ ಕೂರಿಸುವುದು ಎರಡು ದಿನದ್ದು. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಬಣ್ಣ ಬೇಕು. ಆಯಿ ಮನೆಯಲ್ಲೇ ಮಾಡುವ ಕಾಡಿಗೆ ಇತ್ತು. ಅದಕ್ಕೆ ಒಂದು ಹನಿ ಎಣ್ಣೆ ಸೇರಿಸಿ ನಟ್ಟಿನ ಮುಖಕ್ಕೆ ತೆಳ್ಳಗೆ ಬಳಿಯುವುದು, ಪಾನಾ ಹಾಕಿ ತೆಗೆಯುವುದು, ಪಾನಾದ ಬಾಯಲ್ಲಿ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮಾತ್ರ ಅರ ಹಾಕುವುದು. ಮೊದಮೊದಲು ಕಪ್ಪು ಎರಡು ಚುಕ್ಕೆಯಷ್ಟೇ ಹತ್ತುತ್ತಿತ್ತು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಇಡೀ ಮುಖಕ್ಕೆ ಒಂದೇ ಸಮ ಹತ್ತಿತು. ಆಯಿ ಒಳಗಿನಿಂದ ‘ಊಟಕ್ಕೆ ಬತ್ಯ ಇಲ್ಯ ತಮಾ’ ಎಂದು ಮೂರು ಸಲ ಕರೆದಿದ್ದಳು.

ಇಂಜಿನ್ ತಿರುಗದಂತೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಬ್ರೇಕನ್ನು ಹಗ್ಗದಿಂದ ಬಿಗಿದು ಕಟ್ಟಿ ಪಾನಾ ಎಳೆದೆ. ನಟ್ಟು ಅಲ್ಲಾಡಲಿಲ್ಲ, ಕ್ಲಚ್ಚೇ ಜಾರಿತು. ಅದಕ್ಕೊಂದು ಬೀಗ ಬೇಕು. ಸವೆದುಹೋದ ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಹೊರಗಿನ ಡ್ರಮ್ಮಿಗೆ ಹಲ್ಲು ಕೂರುವುದೊಂದು, ಒಳಗಿನ ಹಬ್ಬಿಗೆ ಕೂರುವುದೊಂದು ತೆಗೆದು, ಹಲ್ಲುಗಳನ್ನು ಹೊಂದಿಸಿಟ್ಟು, ತೂತು ಕೊರೆದು ಬೋಲ್ಟಿನಿಂದ ಸೇರಿಸಿದರೆ ಆಯಿತು. ಅದನ್ನು ಒಳಗಿಟ್ಟಾಗ ಡ್ರಮ್ಮೂ ಹಬ್ಬೂ ಒಂದೇ ಆಗಿಬಿಡುತ್ತವೆ. ಅರ್ಧ ದಿನದ ಕೆಲಸ, ಖರ್ಚು ಏನೂ ಇಲ್ಲ. ಇಂಜಿನ್ ಇನ್ನೂ ಫ್ರೇಮಿನಲ್ಲಿರುವಾಗಲೇ ಇದನ್ನೆಲ್ಲ ಮಾಡಿಕೊಳ್ಳಬೇಕು, ಕೆಳಗಿಳಿಸಿದ ಮೇಲೆ ಹಿಡಿಯಲು ಚಕ್ರವೂ ಇಲ್ಲ, ಬ್ರೇಕೂ ಇಲ್ಲ. ಈ ಸಲ ಪಾನಾ ಎಳೆದಾಗ ನಟ್ಟು ಒಮ್ಮೆ ಕಿರುಗುಟ್ಟಿ ಬಲಕ್ಕೆ ತಿರುಗಿತು.

ಅದರ ಹಿಂದೆ ಟೈಮಿಂಗ್ ಪಿನಿಯನ್, ವಾಲ್ವ್ ಏಳಿಸುವ ಕ್ಯಾಮುಗಳನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ. ನನ್ನ ಒಂದು ತಿಂಗಳನ್ನು ತಿಂದದ್ದು ಇದೇ.

ಪಿನಿಯನ್ ಶಾಫ್ಟಿನ ಮೇಲೆ ಕೀ (ಜಾರದಂತೆ ಹಿಡಿಯುವ ಉಕ್ಕಿನ ತುಂಡು) ಹಾಕಿ ಬಿಗಿಯಾಗಿ ಕೂತಿರುತ್ತದೆ. ಅದಕ್ಕೂ ಕ್ರ್ಯಾಂಕ್‌ಕೇಸಿನ ಗೋಡೆಗೂ ನಡುವಿನ ಸಂದಿ ತೀರ ಕಿರಿದು. ಪೇಟೆಯಲ್ಲಿ ಸಿಗುವ ಮೂರು ಕಾಲಿನ ಪುಲ್ಲರ್‌ನ ಕೊಕ್ಕೆಗಳು ದಪ್ಪ, ಒಳಗೆ ಹೋಗುವುದೇ ಇಲ್ಲ. ಹೋಗದ್ದನ್ನು ತುರುಕಿದರೆ ಅಲ್ಯೂಮಿನಿಯಂ ಗೋಡೆ ಗೀಚುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಮೀಟುವವರನ್ನೂ ನೋಡಿದ್ದೇನೆ. ಹಾಗೆ ಮೀಟಿದರೆ ಪಿನಿಯನ್ ಒಂದೇ ಬದಿಗೆ ಏಳುತ್ತದೆ, ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ. ಬಲ ಎರಡೂ ಕಡೆ ಸಮ ಬೀಳಬೇಕು, ಶಾಫ್ಟಿನ ನಡುವಿಗೇ ಒತ್ತಬೇಕು. ಅಂದರೆ ತೆಳ್ಳಗಿನ ಎರಡು ಕೊಕ್ಕೆ, ಅವನ್ನು ಹಿಡಿಯಲು ಒಂದು ಅಡ್ಡಪಟ್ಟಿ, ಅದರ ನಡುವೆ ಒಂದು ಬೋಲ್ಟು.

ಮೊದಲ ಜೋಡಿ ಕೊಕ್ಕೆಗಳನ್ನು ಸಾದಾ ಎಂಎಸ್, ಅಂದರೆ ಮೆತ್ತನೆಯ ಉಕ್ಕಿನ, ಪಟ್ಟಿಯಲ್ಲಿ ಮಾಡಿದೆ. ಅರ ಹಾಕಲು ಸುಲಭ, ನೋಡಲೂ ಚೆಂದ. ಬೋಲ್ಟು ಎರಡು ಸುತ್ತು ಬಿಗಿಯುವಷ್ಟರಲ್ಲಿ ಕೊಕ್ಕೆಯ ತುದಿಗಳು ಮೆಲ್ಲಗೆ ಬಿಚ್ಚಿಕೊಂಡು ನೆಟ್ಟಗಾದವು. ಪಿನಿಯನ್ ಇದ್ದಲ್ಲೇ ಇತ್ತು.

ಎರಡನೆಯದಕ್ಕೆ ಗುಜರಿಯಿಂದ ಜೀಪಿನ ಪಾಟಾದ ಒಂದು ತುಂಡು ತಂದೆ. ಪಾಟಾ ಎಂದರೆ ಕೆಳಗಿನ ಕಮಾನು ಪಟ್ಟಿ, ಒಳ್ಳೆಯ ಸ್ಪ್ರಿಂಗ್ ಉಕ್ಕು. ಹಾಗೇ ಕೊರೆಯಲು ಹೋದರೆ ಡ್ರಿಲ್ ಬಿಟ್ಟು ಮೊಂಡಾಗುತ್ತದೆ. ಅದಕ್ಕೇ ರಾತ್ರಿ ಬಚ್ಚಲ ಒಲೆಯ ಕೆಂಡದಲ್ಲಿ ಹುಗಿದಿಟ್ಟು ಬೆಳಗ್ಗೆ ಬೂದಿಯಲ್ಲೇ ತಣಿಯಲು ಬಿಟ್ಟೆ. ಮೆತ್ತಗಾಯಿತು. ಕತ್ತರಿಸಿ, ಅರ ಹಾಕಿ, ಕೊಕ್ಕೆ ರೂಪ ಕೊಟ್ಟು, ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಅರ ಹತ್ತದಷ್ಟು ಗಟ್ಟಿಯಾಯಿತು. ಹಾಕಿ ಬಿಗಿದೆ. ‘ಟಣ್’ ಎಂದು ಒಂದು ಕೊಕ್ಕೆ ಮುರಿದು ತುಂಡು ಜಗುಲಿಯ ಕಂಬಕ್ಕೆ ಹೋಗಿ ಬಡಿಯಿತು. ಮುಖಕ್ಕೆ ಬಡಿದಿದ್ದರೆ? ಆಮೇಲಿನಿಂದ ಕನ್ನಡಕ ಹಾಕದೆ ಪುಲ್ಲರ್ ಮುಟ್ಟಿಲ್ಲ.

ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡು ನಮ್ಮ ಕತ್ತಿ ಮಾಡಿಕೊಡುವ ಆಚಾರರ ಕುಲುಮೆಗೆ ಹೋದೆ. ಊರಿನ ಸೊಪ್ಪಿನ ಕತ್ತಿ, ಹೆಗ್ಗತ್ತಿ ಎಲ್ಲ ಅವರ ಕೈಯದ್ದೇ, ಅವೂ ಇಂಥದೇ ಪಾಟಾದಲ್ಲಿ. ಅವರು ಮುರಿದ ಮುಖವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಬೂದುಬಣ್ಣದ ಸಕ್ಕರೆ ಹರಳಿನ ಹಾಗೆ ಕಾಣುತ್ತಿತ್ತು.

‘ಕಾವು ಜಾಸ್ತಿ ಆಯ್ತು ಹೆಗಡೇರೆ. ಮೇಲಿಂದ ಬರೀ ನೀರು ಕುಡಿಸಿ ಹಾಗೇ ಬಿಟ್ಟಿದೀರಿ. ಇಂಥ ಕತ್ತಿ ಮೊದಲನೇ ಗಂಟಿಗೇ ಹಲ್ಲು ಉದುರಿಸ್ತದೆ. ಕುಡಿಸಿದ ಮೇಲೆ ಸ್ವಲ್ಪ ಸಮಾಧಾನ ಮಾಡ್ಬೇಕು ಅದಕ್ಕೆ.’

ಆ ‘ಸಮಾಧಾನ’ ಹೇಗೆ ಮಾಡುವುದೆಂದು ಅವರು ಅವತ್ತು ಎದುರಿಗೇ ಕೂರಿಸಿಕೊಂಡು ತೋರಿಸಿದರು. ಹೊಸ ಜೋಡಿ ಕೊಕ್ಕೆಗಳನ್ನು ನಾನು ಮೊದಲೇ ಕತ್ತರಿಸಿ ಒಯ್ದಿದ್ದೆ. ಒಲೆಯಲ್ಲಿ ಕೆಂಪಾಗುತ್ತ ಬಂದಾಗ ಅವರು ಇಕ್ಕಳದಲ್ಲಿ ಹಿಡಿದು ಬಣ್ಣ ನೋಡಿದರು. ನಾನು ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತಂತಿಗೆ ಕಟ್ಟಿ ತಂದಿದ್ದೆ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ಒಂದಿಷ್ಟೇ ಮೇಲಿನ ಕಾವು ಸಾಕು. ಆಚಾರರು ‘ಈಗ’ ಎಂದಾಗ ಅಯಸ್ಕಾಂತ ಹಿಡಿದೆ. ಅಂಟಲಿಲ್ಲ. ಅವರ ಕಣ್ಣು ಅಷ್ಟು ಕರಾರುವಾಕ್ಕು. ನೀರಿನ ಬದಲು ಹಳೆಯ ಇಂಜಿನ್ ಆಯಿಲ್ಲಿನ ಡಬ್ಬಿಗೆ ಅದ್ದಿದರು. ಎಣ್ಣೆ ನೀರಿಗಿಂತ ನಿಧಾನವಾಗಿ ತಣಿಸುತ್ತದೆ, ಒಳಗೆ ಬಿರುಕು ಬಿಡುವುದಿಲ್ಲ.

ಆಮೇಲೆ ಕೊಕ್ಕೆಯ ಒಂದು ಮುಖವನ್ನು ಪಾಲಿಶ್ ಕಾಗದದಿಂದ ಬೆಳ್ಳಿಯಂತೆ ಉಜ್ಜಿ, ದಪ್ಪ ಕಬ್ಬಿಣದ ಹಲಗೆಯನ್ನು ಕಾಯಿಸಿ ಅದರ ಮೇಲಿಟ್ಟರು. ಇಬ್ಬರೂ ಬಗ್ಗಿ ನೋಡುತ್ತ ಕೂತೆವು. ಹೊರಗೆ ಮಳೆ ಹೊಯ್ಯುತ್ತಿತ್ತು. ಉಜ್ಜಿದ ಮುಖ ಮೊದಲು ಒಣಹುಲ್ಲಿನ ಹಳದಿಗೆ ತಿರುಗಿತು. ಸ್ವಲ್ಪ ಹೊತ್ತಿಗೆ ಹಣ್ಣಡಿಕೆ ಸಿಪ್ಪೆಯ ಕಂದು. ಅದರ ಬೆನ್ನಿಗೇ ನೇರಳೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆರಳು ಸರಿದ ಹಾಗೆ. ನೇರಳೆ ನೀಲಿಯಾಗುತ್ತಿದ್ದಂತೆ ಆಚಾರರು ಇಕ್ಕಳ ಹಾಕಿ ಎತ್ತಿದರು. ನೀಲಿ ಎಂದರೆ ಸುಮಾರು 300 ಡಿಗ್ರಿ. ಕತ್ತಿಯ ಬಾಯಿಗಾದರೆ ಹಳದಿಯಲ್ಲೇ ನಿಲ್ಲಿಸುತ್ತಾರಂತೆ, ಹರಿತ ಉಳಿಯಬೇಕಲ್ಲ. ಎಳೆಯುವ ಹತ್ಯಾರಿಗೆ ಹರಿತ ಬೇಡ, ಬಾಗಿ ಮತ್ತೆ ನೆಟ್ಟಗಾಗುವ ಗುಣ ಬೇಕು. ದುಡ್ಡು ಕೊಡಲು ಹೋದರೆ ಆಚಾರರು ತೆಗೆದುಕೊಳ್ಳಲಿಲ್ಲ. ‘ಬಂದ್ರೆ ನನಗೂ ಹೇಳಿ’ ಎಂದರು.

ಮನೆಗೆ ಬಂದು ಇನ್ನೆರಡು ತಿದ್ದುಪಡಿ ಮಾಡಿದೆ. ಬಿಗಿದಾಗ ಕೊಕ್ಕೆಗಳು ಹೊರಗೆ ಅಗಲವಾಗಿ ಜಾರಲು ನೋಡುತ್ತವೆ, ಅದಕ್ಕೆ ಎರಡೂ ಕಾಲುಗಳ ನಡುವೆ ಅಡ್ಡಕ್ಕೆ ಉದ್ದನೆಯ ಬೋಲ್ಟು ಹಾಕಿ ಒಳಮುಖವಾಗಿ ಅಮುಕಿದೆ. ಇನ್ನೊಂದು ಮುಖ್ಯವಾದದ್ದು: ಕ್ರ್ಯಾಂಕಿನ ಈ ತುದಿಯಲ್ಲಿ ಎಣ್ಣೆ ಒಳಹೋಗುವ ತೂತಿದೆ. ಬಿಗ್ ಎಂಡಿಗೆ ಎಣ್ಣೆ ಹೋಗುವುದು ಇದೇ ದಾರಿಯಲ್ಲಿ. ನಡುವಿನ ಬೋಲ್ಟಿನ ಚೂಪು ನೇರವಾಗಿ ಅಲ್ಲಿ ಒತ್ತಿದರೆ ತೂತಿನ ಬಾಯಿ ಅರಳಿ ಹಾಳಾಗುತ್ತದೆ. ಹಾಗಾಗಿ ಲೇತಿನಲ್ಲಿ ಹಿತ್ತಾಳೆಯ ಸಣ್ಣ ಟೊಪ್ಪಿಯೊಂದನ್ನು ಮಾಡಿಸಿ ಶಾಫ್ಟಿನ ತುದಿಗೆ ಹಾಕಿದೆ. ಈ ಹತ್ಯಾರಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಭಾಗ ಆ ಟೊಪ್ಪಿ.

ಬೋಲ್ಟು ಬಿಗಿದೆ. ಕೊಕ್ಕೆಗಳು ಕೂದಲೆಳೆಯಷ್ಟು ಬಾಗಿದ್ದು ಕಣ್ಣಿಗೆ ಕಂಡಿತು, ಆದರೆ ಬಿಚ್ಚಿಕೊಳ್ಳಲಿಲ್ಲ. ಹಾಗೇ ಬಿಟ್ಟು ಚಹಾ ಕುಡಿಯಲು ಹೋದೆ. ವಾಪಸ್ ಬಂದು ಬೋಲ್ಟಿನ ತಲೆಗೆ ಒಂದು ಏಟು ಕೊಟ್ಟೆ. ‘ಟಕ್’. ಪಿನಿಯನ್ ಸಡಿಲವಾಗಿ ಮುಂದೆ ಬಂದಿತ್ತು. ಅದರ ಹಲ್ಲಿನಲ್ಲಿ ಒಂದು ಗೀರಿಲ್ಲ, ಗೋಡೆಯಲ್ಲೂ ಒಂದು ಗೀರಿಲ್ಲ. ಪಿನಿಯನ್ನನ್ನು ಒರೆಸಿ, ಕೊಡೆ ಹಿಡಿದು ಆಚಾರರ ಮನೆಗೆ ನಡೆದು ಹೋಗಿ ತೋರಿಸಿ ಬಂದೆ.

ಆ ಏಟು ಕೊಟ್ಟ ಸುತ್ತಿಗೆಯ ಬಗ್ಗೆಯೂ ಹೇಳಬೇಕು. ಉಕ್ಕಿನ ಸುತ್ತಿಗೆಯಿಂದ ಇಂಜಿನ್ ಭಾಗಗಳಿಗೆ ಹೊಡೆಯಬಾರದು. ಸೀಸದ ಸುತ್ತಿಗೆ ಬೇಕು, ಅದು ತಾನು ಚಪ್ಪಟೆಯಾಗಿ ಎದುರಿನದನ್ನು ಉಳಿಸುತ್ತದೆ. ಬಸ್ಸಿನಲ್ಲಿ ಕುಮಟಾಕ್ಕೆ ಇಳಿದು, ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತೂಕದ ಲೆಕ್ಕದಲ್ಲಿ ತಂದೆ. ಸೀಸ 327 ಡಿಗ್ರಿಗೇ ಕರಗುತ್ತದೆ, ಸೌದೆ ಒಲೆ ಸಾಕು. ಅಂಗಳದ ಮೂಲೆಯ ಮಾಡಿನ ಕೆಳಗೆ ಒಲೆ ಹೂಡಿದೆ. ಅಚ್ಚಿಗೆ ಒಂದು ಖಾಲಿ ತಗಡಿನ ಡಬ್ಬಿ, ಹಿಡಿಕೆಗೆ ಅಡ್ಡಕ್ಕೆ ತೂರಿಸಿದ ಪೈಪು. ಡಬ್ಬಿಯನ್ನು ತೊಳೆದು ಒರೆಸಿದ್ದೆ. ಆದರೆ ಜುಲೈ ತಿಂಗಳ ಶಿರಸಿಯಲ್ಲಿ ಒರೆಸಿದ್ದು ಒಣಗಿದ್ದಲ್ಲ. ತಳದ ಮಡಿಕೆಯಲ್ಲಿ ಒಂದು ಹನಿ ನೀರು ಉಳಿದಿತ್ತು. ಸೀಸ ಹೊಯ್ದ ಕ್ಷಣ ಆ ಹನಿ ಆವಿಯಾಗಿ ಒಳಗಿನಿಂದ ಸಿಡಿಯಿತು. ದಪ್ಪ ತೋಳಿನ ಅಂಗಿ ಹಾಕಿದ್ದರಿಂದ ಎಡ ಮುಂಗೈಯಲ್ಲಿ ಕಾಳುಮೆಣಸಿನಷ್ಟು ದೊಡ್ಡ ಎರಡು ಸುಟ್ಟ ಗುರುತುಗಳಷ್ಟೇ ಆದವು. ಯಾರಾದರೂ ಇದನ್ನು ಓದಿ ಸೀಸ ಕರಗಿಸುವುದಾದರೆ ಅಚ್ಚನ್ನು ಒಲೆಯ ಪಕ್ಕ ಒಂದು ತಾಸು ಬಿಸಿ ಮಾಡಿ, ಆಮೇಲೆ ಹೊಯ್ಯಿರಿ. ಮನೆಯೊಳಗೆ ಬೇಡ, ಅಡುಗೆಯ ಪಾತ್ರೆಯಲ್ಲಂತೂ ಬೇಡವೇ ಬೇಡ. ಸೀಸ ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆದೇ ಊಟಕ್ಕೆ ಕೂರಬೇಕು.

ಕ್ರ್ಯಾಂಕನ್ನು ನಾನು ಮುಟ್ಟಲಿಲ್ಲ. ಬಿಗ್ ಎಂಡ್ ಹಾಕಿ, ಎರಡು ಫ್ಲೈವೀಲುಗಳನ್ನು ಒಂದೇ ಗೆರೆಗೆ ತರುವ ಕೆಲಸ ಹುಬ್ಬಳ್ಳಿಯ ಒಬ್ಬ ಅನುಭವಸ್ಥರಿಗೆ ಕೊಟ್ಟೆ. ವರ್ಮ್ ನಟ್ಟು ಹೊಸದು ಅಲ್ಲಿಯೇ ಸಿಕ್ಕಿತು. ವಾಲ್ವ್ ಸ್ಪ್ರಿಂಗ್ ಒತ್ತಲು ಬಡಗಿಯ ಜಿ ಕ್ಲಾಂಪಿನ ಬಾಯಿಗೆ ಕಿಟಕಿ ಕತ್ತರಿಸಿದ ಪೈಪಿನ ತುಂಡು ವೆಲ್ಡ್ ಮಾಡಿಸಿಕೊಂಡೆ. ಅದು ಮೊದಲ ಸಲಕ್ಕೇ ಕೆಲಸ ಮಾಡಿತು, ಹೇಳುವಂಥದ್ದು ಏನಿಲ್ಲ.

ಪಾನಾಗಳ ವಿಷಯ ಹಾಗಲ್ಲ. ಈ ಗಾಡಿಯಲ್ಲಿ ಎಷ್ಟೋ ನಟ್ಟುಗಳ ಮೂಲೆ ಯಾಕೆ ದುಂಡಾಗಿವೆ ಎಂದು ಬಹಳ ದಿನ ನನಗೆ ಅರ್ಥವಾಗಿರಲಿಲ್ಲ. ವರ್ನಿಯರ್ ಹಾಕಿ ಅಳೆದಾಗ ತಿಳಿಯಿತು. ಅವು ಮಿಲಿಮೀಟರಿನವಲ್ಲ, ಇಂಗ್ಲೆಂಡಿನ ಹಳೆಯ ವಿಟ್‌ವರ್ತ್ ಅಳತೆಯವು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಂದ ಕ್ರಮ ಅದು. 1955ರಲ್ಲಿ ಮದ್ರಾಸಿನಲ್ಲಿ ಈ ಬೈಕುಗಳ ಜೋಡಣೆ ಶುರುವಾದಾಗ ಅದೂ ಜೊತೆಗೇ ಬಂತು, ದಶಕಗಳ ಕಾಲ ಅಲ್ಲಲ್ಲಿ ಉಳಿಯಿತು. ಕಾಲು ಇಂಚಿನ ವಿಟ್‌ವರ್ತ್ ಪಾನಾ ಎಂದರೆ ಬಾಯಿ ಕಾಲು ಇಂಚು ಎಂದಲ್ಲ, ಬೋಲ್ಟಿನ ದಪ್ಪ ಕಾಲು ಇಂಚು. ಬಾಯಿ 13.3 ಮಿಲಿಮೀಟರ್. 13ರ ಪಾನಾ ಹೋಗುವುದಿಲ್ಲ, 14ರದು ಹೋಗುತ್ತದೆ, ಹೋಗಿ ಮೂಲೆ ಸವರುತ್ತದೆ. ಗುಜರಿಯಿಂದ ಒಳ್ಳೆಯ ಉಕ್ಕಿನ 13ರ ಪಾನಾ ಎರಡು ತಂದು, ಮತ್ತೆ ಅದೇ ಕಾಡಿಗೆ, ಅದೇ ಅರ. ಮೂವತ್ತನಾಲ್ಕು ನೂರಾಂಶ ಮಿಲಿಮೀಟರ್ ತೆಗೆದರೆ ಸಾಕು. 15ರದನ್ನು 15.2ಕ್ಕೆ ತಂದರೆ ಮುಂದಿನ ಅಳತೆಯೂ ಆಯಿತು. ಹದಿನೆಂಟರದು ಹೇಗಿದೆಯೋ ಹಾಗೇ ಕೂರುತ್ತದೆ.

ಇಂಜಿನ್ ಜೋಡಿಸಿದ ಮೇಲೆ ಇಗ್ನಿಷನ್ ಟೈಮಿಂಗ್, ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತನ್ನು ಹೊಂದಿಸುವುದು. ಅದಕ್ಕೆ ಪಿಸ್ಟನ್ ತುತ್ತತುದಿಗೆ ಬಂದ ಜಾಗ, ಮೆಕ್ಯಾನಿಕರ ಬಾಯಲ್ಲಿ ಬರೀ ‘ಟಾಪ್’, ನಿಖರವಾಗಿ ಬೇಕು. ಪ್ಲಗ್ಗಿನ ತೂತಿಗೆ ಕಡ್ಡಿ ಹಾಕಿ ಏರಿಳಿತ ನೋಡಿ ಹೇಳುತ್ತಾರೆ. ಈ ಇಂಜಿನ್ನಿನಲ್ಲಿ ಪ್ಲಗ್ಗು ಓರೆಯಾಗಿದೆ, ಕಡ್ಡಿ ಸುಳ್ಳು ಹೇಳುತ್ತದೆ. ಇನ್ನೊಂದು ಕಷ್ಟ: ಪಿಸ್ಟನ್ನಿನ ಓಟ 90 ಮಿಲಿಮೀಟರ್ ಆದರೂ ಟಾಪಿನ ಹತ್ತಿರ ಕ್ರ್ಯಾಂಕ್ ಐದು ಡಿಗ್ರಿ ತಿರುಗಿದರೆ ಪಿಸ್ಟನ್ ಕಾಲು ಮಿಲಿಮೀಟರೂ ಇಳಿಯುವುದಿಲ್ಲ. ಕಣ್ಣಿಗೆ ಅದು ನಿಂತಂತೆಯೇ ಕಾಣುತ್ತದೆ.

ಹಳೆಯ ಪ್ಲಗ್ ಒಂದನ್ನು ತೆಗೆದುಕೊಂಡೆ. 14 ಮಿಲಿಮೀಟರ್ ಥ್ರೆಡ್, ಪಿಚ್ 1.25. ಲೇತಿನಲ್ಲಿ ಮೇಲಿನ ಮಡಿಕೆ ಕತ್ತರಿಸಿದರೆ ಪಿಂಗಾಣಿ ಹೊರಗೆ ಬರುತ್ತದೆ, ಉಳಿದ ಚಿಪ್ಪಿಗೆ ಒಳಗಿಂದ ಥ್ರೆಡ್ ಹಾಕಿ ಉದ್ದನೆಯ ಬೋಲ್ಟು ಕೂರಿಸಿದೆ. ಬೋಲ್ಟಿನ ತುದಿ ದುಂಡಗೆ, ನುಣ್ಣಗೆ ಇರಬೇಕು. ಇದನ್ನು ಪ್ಲಗ್ಗಿನ ಜಾಗಕ್ಕೆ ತಿರುಗಿಸಿದರೆ ಪಿಸ್ಟನ್ ಮೇಲೆ ಬರುತ್ತ ಅದಕ್ಕೆ ತಾಗಿ ನಿಲ್ಲುತ್ತದೆ. ಎಡಬದಿಯ ಪ್ರೈಮರಿ ಕವರ್ ತೆಗೆದು ಕ್ರ್ಯಾಂಕಿನ ತುದಿಗೆ ಡಿಗ್ರಿ ಚಕ್ರ ಕಟ್ಟಿದೆ. ಚಕ್ರವೆಂದರೆ ಹಳೆಯ ಸಿಡಿಯ ಮೇಲೆ ಕೋನಮಾಪಕ ಇಟ್ಟು ಗೀರಿದ ಕಾಗದ. ಸೊನ್ನೆಯನ್ನು ಅಂದಾಜಿಗೆ ಇಟ್ಟೆ. ಗಾಡಿ ಟಾಪ್ ಗೇರಿನಲ್ಲಿ, ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ಮುಂದೆ ತಿರುಗಿಸಿ ಪಿಸ್ಟನ್ ತಾಗಿದಲ್ಲಿ ಓದಿದೆ: 41. ಹಿಂದಕ್ಕೆ ತಿರುಗಿಸಿ ಇನ್ನೊಂದು ಬದಿಯಿಂದ ತಾಗಿದಲ್ಲಿ ಓದಿದೆ: 33. ವ್ಯತ್ಯಾಸ 8, ಅದರ ಅರ್ಧ 4. ಅಂದಾಜಿನ ಸೊನ್ನೆ ನಾಲ್ಕು ಡಿಗ್ರಿ ತಪ್ಪಿತ್ತು. ಕಡ್ಡಿ ನಂಬಿದ್ದರೆ ಆ ನಾಲ್ಕು ಡಿಗ್ರಿ ಇಂಜಿನ್ನಿನೊಳಗೇ ಉಳಿಯುತ್ತಿತ್ತು. ಚಕ್ರ ಸರಿಸಿ ಮತ್ತೆ ನೋಡಿದಾಗ ಎರಡೂ ಬದಿ 37. ಬೋಲ್ಟು ಇರುವಾಗ ಮರೆತೂ ಕಿಕ್ಕರ್ ಒದೆಯಬಾರದು, ಪಿಸ್ಟನ್ನಿಗೆ ತೂತು ಬೀಳುತ್ತದೆ.

ಕಿಡಿ ಹಾರಿಸುವ ಸ್ವಿಚ್ಚು, ಪಾಯಿಂಟ್, ಯಾವಾಗ ಬಿಡುತ್ತದೆ ಎಂದು ನೋಡಲು ಅದರ ವೈರು ಬಿಡಿಸಿ, ಟಾರ್ಚಿನ ಸೆಲ್ಲು ಮತ್ತು ಬಲ್ಬನ್ನು ಸಾಲಾಗಿ ಜೋಡಿಸಿದೆ. ಪಾಯಿಂಟ್ ಕೂಡಿರುವವರೆಗೆ ಬಲ್ಬು ಉರಿಯುತ್ತದೆ, ಬಿಟ್ಟ ಕ್ಷಣ ಆರುತ್ತದೆ.

ಶ್ರಾವಣದ ಒಂದು ಬೆಳಗ್ಗೆ ಎರಡನೇ ಒದೆತಕ್ಕೆ ಗಾಡಿ ಹಿಡಿಯಿತು. ಮಾವ ಕೋಲೂರಿಕೊಂಡು ಬಂದು ಜಗುಲಿಯ ಅಂಚಿಗೆ ಕೂತು, ಕಣ್ಣು ಮುಚ್ಚಿ ಕೇಳಿದ. ಎಕ್ಸಲೇಟರ್ ಕೊಡು ಎಂದು ಕೈಸನ್ನೆ ಮಾಡಿದ. ಕೊಟ್ಟೆ. ಕುಟ್ಟುವ ಸದ್ದಿರಲಿಲ್ಲ. ‘ಹೂಂ’ ಎಂದ.

ಹತ್ಯಾರುಗಳಿಗೆ ಹಳೆಯ ಆಯಿಲ್ ಸವರಿ, ಬಟ್ಟೆಯಲ್ಲಿ ಸುತ್ತಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಅಲ್ಲಿ ಹೊಗೆ ಆಡುವುದರಿಂದ ಮಳೆಗಾಲದಲ್ಲೂ ತುಕ್ಕು ಹಿಡಿದಿಲ್ಲ. ಹೋದ ವಾರ ಮೇಲಿನ ಮನೆಯ ಹುಡುಗ ತನ್ನ ಸ್ಪ್ಲೆಂಡರಿಗೆ ಪ್ಲಗ್ಗಿನ ಬೋಲ್ಟು ಕೇಳಿಕೊಂಡು ಬಂದ. ಕೊಟ್ಟೆ, ಹತ್ತು ನಿಮಿಷದಲ್ಲಿ ವಾಪಸ್ ತಂದ. ಅವನ ಇಂಜಿನ್ನಿನದು 10 ಮಿಲಿಮೀಟರಿನ ಪ್ಲಗ್ಗು, ಇದು ಒಳಗೆ ಹೋಗುವುದಿಲ್ಲ. ‘ಹಳೇ ಪ್ಲಗ್ ಇದ್ಯನಾ?’ ಎಂದು ಕೇಳಿದೆ. ಜೇಬಿನಿಂದ ತೆಗೆದು ಕೊಟ್ಟ. ವೈಸಿಗೆ ಕಟ್ಟಿ, ಆಕ್ಸಾ ಬ್ಲೇಡನ್ನು ಅವನ ಕೈಗೆ ಕೊಟ್ಟು, ಮಡಿಕೆ ಎಲ್ಲಿಂದ ಕತ್ತರಿಸಬೇಕೆಂದು ಉಗುರಿನಲ್ಲಿ ಗೆರೆ ತೋರಿಸಿದೆ.